ಸೆರಾಮಿಕ್–ಲೋಹದ ಜೋಡಣೆ ಲೀಕ್ ಆದರೆ: ಮೊದಲು ಒಡೆದು ನೋಡಿ

ಹೀಲಿಯಂ ಲೀಕ್ ಡಿಟೆಕ್ಟರ್ ಕೂಗಿತು ಅಂದರೆ ನಮ್ಮ ಶೆಡ್ಡಿನಲ್ಲಿ ಎಲ್ಲರ ಕಣ್ಣೂ ಬ್ರೇಜಿಂಗ್ ಮಾಡಿದವನ, ಅಂದರೆ ನಡುವೆ ಫಿಲ್ಲರ್ ಲೋಹ ಕರಗಿಸಿ ಎರಡನ್ನೂ ಬೆಸೆದವನ, ಕಡೆ ತಿರುಗುತ್ತಿತ್ತು. ಫಿಲ್ಲರ್ ಕಡಿಮೆ ಹಾಕಿದೆಯಾ? ಭಟ್ಟಿ ಬೇಗ ಇಳಿಸಿದೆಯಾ? ಪಾಪ, ಅವನು ಮಾಡಿದ್ದು ಕೊನೆಯ ಕೆಲಸ. ಅದಕ್ಕೂ ಮೊದಲು ಆ ತುಂಡು ನಾಲ್ಕೈದು ಕೈ ದಾಟಿ ಬಂದಿರುತ್ತದೆ. ತಪ್ಪು ಯಾವ ಕೈಯಲ್ಲಾಯಿತು ಅನ್ನುವುದು ಹೊರಗಿನಿಂದ ಕಾಣುವುದಿಲ್ಲ, ಒಳಗಿನ ಮುಖದಲ್ಲಿ ಬರೆದಿರುತ್ತದೆ. ಅದನ್ನು ಓದುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ನಮ್ಮದು ಹುಬ್ಬಳ್ಳಿಯ ಸಣ್ಣ ಕಾರ್ಖಾನೆ. ಭಟ್ಟಿ ಒಂದೇ, ಕೆಲಸಗಾರರು ಆರು ಜನ. ದೊಡ್ಡ ಲ್ಯಾಬ್ ಇದ್ದವರಿಗೆ ಇದರಲ್ಲಿ ಕೆಲವು ಉಪಾಯ ನಗು ತರಿಸಬಹುದು. ತರಿಸಲಿ.

ನಾವು ಮಾಡುವುದು ಫೀಡ್‌ಥ್ರೂ. ಅಲ್ಯೂಮಿನಾ ಅನ್ನುವ ಬಿಳಿ ಸೆರಾಮಿಕ್‌ನ ಬಳೆ, ಅದರ ಎರಡೂ ಬದಿಗೆ ಕೋವಾರ್ ಅನ್ನುವ ಕಬ್ಬಿಣ–ನಿಕ್ಕಲ್–ಕೋಬಾಲ್ಟ್ ಮಿಶ್ರಲೋಹದ ಬಟ್ಟಲು. ವ್ಯಾಕ್ಯೂಮ್ ಚೇಂಬರಿನ ಒಳಗೆ ಕರೆಂಟ್ ಹೋಗಬೇಕು, ಗಾಳಿ ಹೋಗಬಾರದು, ಅಷ್ಟೇ ಇದರ ಕೆಲಸ. ನಿಮ್ಮ ಊರಿನ ಸಬ್‌ಸ್ಟೇಷನ್ನಿನ 11 ಕೆವಿ ವ್ಯಾಕ್ಯೂಮ್ ಬ್ರೇಕರ್ ಒಳಗಿರುವ ಬಿಳಿ ಕೊಳವೆಯೂ ಇದೇ ಜಾತಿಯದು.

ಸೆರಾಮಿಕ್‌ಗೆ ಬೆಳ್ಳಿ ಬೆಸುಗೆ ನೇರವಾಗಿ ಅಂಟುವುದಿಲ್ಲ. ಕೆಸುವಿನ ಎಲೆಯ ಮೇಲೆ ನೀರು ಉರುಳಿದ ಹಾಗೆ ಉರುಳಿ ಹೋಗುತ್ತದೆ. ಅದಕ್ಕೇ ಮೊದಲು ಸೆರಾಮಿಕ್ ಮೇಲೆ ಮಾಲಿಬ್ಡಿನಂ ಮತ್ತು ಮ್ಯಾಂಗನೀಸ್ ಪುಡಿಯ ಬಣ್ಣ ಬಳಿದು, ಒದ್ದೆ ಹೈಡ್ರೋಜನ್‌ನಲ್ಲಿ, ಅಂದರೆ ನೀರಾವಿ ಬೆರೆಸಿದ ಹೈಡ್ರೋಜನ್‌ನಲ್ಲಿ, 1450 ಡಿಗ್ರಿ ಸುತ್ತಮುತ್ತ ಸುಡುತ್ತೇವೆ. ಸುಟ್ಟ ಮೇಲೆ ಆ ಪದರ ಸುಮಾರು 20 ಮೈಕ್ರಾನ್, ತಲೆಕೂದಲಿಗಿಂತ ತೆಳು. ಅದರ ಮೇಲೆ 3ರಿಂದ 5 ಮೈಕ್ರಾನ್ ನಿಕ್ಕಲ್. ಆಮೇಲೆ 72 ಭಾಗ ಬೆಳ್ಳಿ, 28 ಭಾಗ ತಾಮ್ರದ ಫಿಲ್ಲರ್ ಇಟ್ಟು 800 ದಾಟಿಸಿ ಬ್ರೇಜ್. ಈ ಫಿಲ್ಲರ್ ಕರಗುವುದು 780ಕ್ಕೆ. ಈ ವಿಧಾನ ನಿನ್ನೆ ಮೊನ್ನೆಯದಲ್ಲ. 1930ರ ದಶಕದಲ್ಲಿ ಜರ್ಮನಿಯ ಟೆಲಿಫುಂಕನ್‌ನವರು ವಾಲ್ವ್‌ಗಳಿಗಾಗಿ ಇದರ ದಾರಿ ಹಾಕಿದರು. ಹುಬ್ಬಳ್ಳಿಯಲ್ಲಿ ವಾಲ್ವ್ ಅಂದರೆ ಪೈಪಿನ ವಾಲ್ವೇ ನೆನಪಾಗುತ್ತದೆ. ಇದು ರೇಡಿಯೋ ವಾಲ್ವ್.

ಲೀಕ್ ನಿಜವಾಗಿಯೂ ಇದೆಯಾ?

ಮೊದಲು ಇದನ್ನು ಖಚಿತ ಮಾಡಿಕೊಳ್ಳಿ. ನಾವು ಒಂದು ಇಡೀ ಸಂಜೆ ಒಳ್ಳೆಯ ಪೀಸುಗಳನ್ನು ರಿಜೆಕ್ಟ್ ಡಬ್ಬಿಗೆ ಹಾಕಿದ್ದೇವೆ. ಲೀಕ್ ಇದ್ದದ್ದು ಪೀಸನ್ನು ಹಿಡಿದಿಡುವ ಟೆಸ್ಟ್ ಫಿಕ್ಸ್ಚರಿನ ರಬ್ಬರ್ ಓ-ರಿಂಗಿನಲ್ಲಿ.

ಗುರುತಿಸುವುದು ಸುಲಭ. ಪೀಸಿನ ಒಳಗಿನ ಗಾಳಿ ಎಳೆದು ಹೊರಗಿನಿಂದ ಹೀಲಿಯಂ ಸ್ಪ್ರೇ ಮಾಡುತ್ತೇವೆ, ಒಳಗೆ ನುಸುಳಿದರೆ ಡಿಟೆಕ್ಟರಿನ ಸೂಜಿ ಏಳುತ್ತದೆ. ನಿಜವಾದ ಲೀಕ್‌ಗೆ ಹೀಲಿಯಂ ತಗುಲಿದರೆ ಸೂಜಿ ಕೆಲವೇ ಸೆಕೆಂಡಿನಲ್ಲಿ ಜಿಗಿಯುತ್ತದೆ, ಗ್ಯಾಸ್ ತೆಗೆದರೆ ಬೇಗ ಇಳಿಯುತ್ತದೆ. ರಬ್ಬರಿನ ಮೂಲಕ ಹೀಲಿಯಂ ನುಸುಳುವುದು ಬೇರೆ ಥರ. ನಿಮಿಷಗಟ್ಟಲೆ ನಿಧಾನಕ್ಕೆ ಏರುತ್ತಲೇ ಇರುತ್ತದೆ, ಇಳಿಯುವುದಕ್ಕೂ ಸೋಮಾರಿತನ. ಹೀಲಿಯಂ ಹಗುರ, ಮೇಲಕ್ಕೆ ಹೋಗುತ್ತದೆ. ಹಾಗಾಗಿ ಸ್ಪ್ರೇ ಮಾಡುವಾಗ ಮೇಲಿನ ಜಾಯಿಂಟಿನಿಂದ ಶುರು ಮಾಡಿ ಕೆಳಗೆ ಬನ್ನಿ. ಕೆಳಗಿನಿಂದ ಶುರು ಮಾಡಿದರೆ ಮೇಲಿನ ಲೀಕ್ ಸೂಜಿ ಎಬ್ಬಿಸುತ್ತದೆ, ನೀವು ಕೆಳಗಿನದನ್ನು ಬಯ್ಯುತ್ತೀರಿ. ಗ್ಯಾಸ್ ಕೂಡ ತುಸುವೇ ಸಾಕು. ಫ್ಯಾನ್ ಆಫ್ ಮಾಡಿ.

ಇದಕ್ಕೆ ತದ್ವಿರುದ್ಧದ ಮೋಸವೂ ಇದೆ. ಲೀಕ್ ಇದ್ದೂ ತೋರಿಸದ ಪೀಸು. ನೀರಲ್ಲೋ ಸ್ಪಿರಿಟ್ಟಿನಲ್ಲೋ ತೊಳೆದು ಹಾಗೇ ಟೆಸ್ಟಿಗೆ ಇಟ್ಟರೆ ಕೂದಲೆಳೆಯ ದಾರಿಯಲ್ಲಿ ದ್ರವ ಕೂತು ಬಾಗಿಲು ಮುಚ್ಚಿರುತ್ತದೆ. ಇವತ್ತು ಪಾಸ್, ಗಿರಾಕಿಯ ಕೈಯಲ್ಲಿ ಫೇಲ್. ತೊಳೆದ ಪೀಸನ್ನು 120–150 ಡಿಗ್ರಿಯಲ್ಲಿ ಒಂದು ತಾಸು ಒಣಗಿಸಿ, ತಣ್ಣಗಾದ ಮೇಲೆ ಟೆಸ್ಟ್ ಮಾಡಿ. ನಾವು 10ರ ಮೈನಸ್ 9ನೇ ಘಾತ ಮಿಲಿಬಾರ್-ಲೀಟರ್ ಪ್ರತಿ ಸೆಕೆಂಡ್ ಅನ್ನು ಗೆರೆಯಾಗಿ ಇಟ್ಟುಕೊಂಡಿದ್ದೇವೆ. ಅದಕ್ಕಿಂತ ಮೇಲಿದ್ದರೆ ರಿಜೆಕ್ಟ್.

ಒಡೆಯುವುದು

ನಮ್ಮಲ್ಲಿ ಭಟ್ಟಿ ನೋಡಿಕೊಳ್ಳುವವರು ಒಬ್ಬ ಕಾಕಾ. ನಾನು ಹೊಸದಾಗಿ ಬಂದಾಗ ಲೀಕ್ ಪೀಸನ್ನು ತಿರುಗಿಸಿ ತಿರುಗಿಸಿ ನೋಡುತ್ತಾ ಕೂತಿದ್ದೆ. ಅವರು ಬಂದು ವೈಸ್ ತೋರಿಸಿದರು: "ತಮ್ಮಾ, ಅದನ್ನೇನ್ ನೋಡ್ತಿ ಮ್ಯಾಲಿಂದ ಮ್ಯಾಲ? ಮೊದಲ ಒಡಿ. ಒಡೀದ ಒಳಗ ಏನೈತಿ ಅಂತ ಹೆಂಗ್ ಗೊತ್ತಾಗ್ಬೇಕು?"

ಕೋವಾರ್ ಬಟ್ಟಲನ್ನು ವೈಸಿನಲ್ಲಿ ಹಿಡಿಯಿರಿ. ಸೆರಾಮಿಕ್ ಬಳೆಗೆ ದಪ್ಪ ಬಟ್ಟೆ ಸುತ್ತಿ, ಪಕ್ಕದಿಂದ ಮರದ ಸುತ್ತಿಗೆಯಲ್ಲಿ ಒಂದು ಏಟು. ಕನ್ನಡಕ ಹಾಕದೆ ಇದನ್ನು ಮಾಡಬೇಡಿ, ಅಲ್ಯೂಮಿನಾ ಚೂರು ಗಾಜಿನ ಹಾಗೆ ಹರಿತ. ಇನ್ನೊಂದು ಮಾತು. ಯಾವುದೋ ಹಳೆಯ ಹೈ ಪವರ್ ಟ್ಯೂಬಿನ ಸೆರಾಮಿಕ್ ಸಿಕ್ಕಿದ್ದರೆ, ಅದು ಏನೆಂದು ಗೊತ್ತಿಲ್ಲದಿದ್ದರೆ, ಒಡೆಯಲೂ ಬೇಡಿ, ಉಜ್ಜಲೂ ಬೇಡಿ. ಬೆರಿಲಿಯಾ (ಬೆರಿಲಿಯಂ ಆಕ್ಸೈಡ್) ಅನ್ನುವ ಸೆರಾಮಿಕ್ ಕೂಡ ನೋಡಲು ಬಿಳಿಯೇ. ಅದರ ಧೂಳು ಶ್ವಾಸಕೋಶಕ್ಕೆ ವಿಷ.

ಒಡೆದ ಎರಡೂ ಮುಖಗಳನ್ನು ಪಕ್ಕಪಕ್ಕ ಇಟ್ಟು, ವಾಚ್ ರಿಪೇರಿಯವರ ಹತ್ತು ಪಟ್ಟು ಲೆನ್ಸಿನಲ್ಲಿ ನೋಡಿ. ಕಿಟಕಿಯ ಬೆಳಕು ಅಡ್ಡಕ್ಕೆ ಬೀಳಬೇಕು. ಟ್ಯೂಬ್‌ಲೈಟ್ ಕೆಳಗೆ ಬೂದುಬಣ್ಣ, ಬೆಳ್ಳಿಬಣ್ಣ ಎರಡೂ ಒಂದೇ ಥರ ಕಾಣುತ್ತವೆ.

ಒಳ್ಳೆಯ ಜೋಡಣೆ ಒಡೆದರೆ ಜೋಡಣೆ ಬಿಡುವುದಿಲ್ಲ. ಸೆರಾಮಿಕ್ಕೇ ಹರಿದು, ಬಿಳಿ ಚೂರುಗಳು ಲೋಹದ ಅಂಚಿಗೆ ಕಚ್ಚಿಕೊಂಡು ಬರುತ್ತವೆ. ಹಾಗೆ ಬಂದ ಜಾಗವೆಲ್ಲ ಸರಿ ಇದೆ. ಹಾಗೆ ಬರದ ಜಾಗ ಎಲ್ಲಿದೆ ಅಂತ ಹುಡುಕಿ, ಅದು ಯಾವ ಪದರದಲ್ಲಿ ಬಿಟ್ಟಿದೆ ನೋಡಿ. ಮಿಕ್ಕಿದ್ದೆಲ್ಲ ಬಿಟ್ಟ ಮುಖ ಯಾವ ಬಣ್ಣ ಕಾಣುತ್ತದೆ ಅನ್ನುವುದರ ಮೇಲೆ ನಿಂತಿದೆ.

ಒಡೆದ ತುಂಡುಗಳನ್ನು ಎಸೆಯಬೇಡಿ. ನಾವು ಖಾಲಿ ಪೇಢೆ ಡಬ್ಬಿಗಳಲ್ಲಿ ತಾರೀಖು ಬರೆದು ಇಡುತ್ತೇವೆ. ಧಾರವಾಡಕ್ಕೆ ಹೋದವರು ಡಬ್ಬಿ ತಂದೇ ತರುತ್ತಾರೆ, ಹಾಗಾಗಿ ಡಬ್ಬಿಗೆ ಬರವಿಲ್ಲ.

ಸೆರಾಮಿಕ್ ಬದಿ ಸ್ವಚ್ಛ ಬಿಳಿ, ಲೋಹದ ಬದಿಗೆ ಬೂದು ಸಿಪ್ಪೆ

ಮಾಲಿಬ್ಡಿನಂ ಪದರ ಸೆರಾಮಿಕ್‌ನಿಂದ ಇಡಿಯಾಗಿ ಎದ್ದು ಬಂದಿದೆ. ಬ್ರೇಜಿಂಗ್ ಮಾಡಿದವನನ್ನು ಬಿಟ್ಟುಬಿಡಿ, ಅವನದು ತಪ್ಪಿಲ್ಲ. ಇದು ಎರಡು ಹೆಜ್ಜೆ ಹಿಂದಿನ ದೋಷ.

ಈ ಪದರ ಸೆರಾಮಿಕ್‌ಗೆ ಹಿಡಿಯುವುದು ಹೇಗೆ ಅಂತ ಗೊತ್ತಿದ್ದರೆ ದೋಷ ಹುಡುಕುವುದು ಸುಲಭ. 94ರಿಂದ 96 ಶೇಕಡ ಅಲ್ಯೂಮಿನಾ ಅಂದರೆ ಉಳಿದ ಭಾಗ ಬಹುಪಾಲು ಗಾಜು. ಕಾಳುಕಾಳಾದ ಅಲ್ಯೂಮಿನಾ ನಡುವೆ ಅದು ಗಾರೆಯ ಹಾಗೆ ಕೂತಿರುತ್ತದೆ. ಭಟ್ಟಿಯಲ್ಲಿ ನೀರಾವಿಯ ಆಮ್ಲಜನಕ ಹೀರಿ ಮ್ಯಾಂಗನೀಸ್ ಆಕ್ಸೈಡ್ ಆಗುತ್ತದೆ. ಆ ಆಕ್ಸೈಡ್ ಗಾಜಿಗೆ ಬೆರೆತು ಅದನ್ನು ತೆಳ್ಳಗೆ ಮಾಡುತ್ತದೆ. ಮಾಲಿಬ್ಡಿನಂ ಮಾತ್ರ ಲೋಹವಾಗಿಯೇ ಉಳಿದು ಸ್ಪಂಜಿನ ಹಾಗೆ ನಿಂತಿರುತ್ತದೆ. ತೆಳ್ಳಗಾದ ಗಾಜು ದೀಪದ ಬತ್ತಿಗೆ ಎಣ್ಣೆ ಏರಿದ ಹಾಗೆ ಆ ಸ್ಪಂಜಿನೊಳಗೆ ಏರುತ್ತದೆ. ತಣ್ಣಗಾದರೆ ಎರಡನ್ನೂ ಹೊಲಿದ ಹಾಗೆ. ಅಂದರೆ ಅಂಟಿಸುವುದು ಲೋಹ ಅಲ್ಲ, ಗಾಜು. ಗಾಜು ಏರಲಿಲ್ಲ ಅಂದರೆ ಪದರ ಬರೀ ಒಣ ಹಕ್ಕಳೆ.

ಯಾಕೆ ಏರಲಿಲ್ಲ? ಮೊದಲನೆಯ ಅನುಮಾನ ಸೆರಾಮಿಕ್ ಮೇಲೆಯೇ. ಒಬ್ಬ ಗಿರಾಕಿ "ಇನ್ನೂ ಒಳ್ಳೇದು ಹಾಕಿ" ಅಂತ 99.5ಕ್ಕೂ ಮೇಲಿನ ಶುದ್ಧ ಅಲ್ಯೂಮಿನಾ ಕೊಡಿಸಿದರು. ನಮ್ಮ ಹಳೆಯ ಬಣ್ಣವನ್ನೇ ಬಳಿದೆವು. ಉಗುರಿನಲ್ಲಿ ಕೆರೆದರೂ ಎದ್ದುಬಂತು. ಶುದ್ಧ ಅಂದರೆ ಗಾಜು ಇಲ್ಲ, ಗಾಜು ಇಲ್ಲ ಅಂದರೆ ಹೊಲಿಯುವ ದಾರ ಇಲ್ಲ. ಅಂಥ ಸೆರಾಮಿಕ್‌ಗೆ ಬಣ್ಣದಲ್ಲೇ ಗಾಜಿನ ಪುಡಿ ಸೇರಿಸಬೇಕು, ಇಲ್ಲವೇ ಟೈಟಾನಿಯಂ ಫಿಲ್ಲರಿನ ದಾರಿ ಹಿಡಿಯಬೇಕು (ಅದರ ಮಾತು ಕೊನೆಯಲ್ಲಿದೆ).

ಎರಡನೆಯದು ಬಣ್ಣದ ಬಾಟಲಿ. ಮಾಲಿಬ್ಡಿನಂ ಸಾಂದ್ರತೆ 10ಕ್ಕೂ ಜಾಸ್ತಿ. ರಾತ್ರಿ ಇಟ್ಟ ಬಾಟಲಿಯಲ್ಲಿ ಬೆಳಿಗ್ಗೆ ಪುಡಿಯೆಲ್ಲ ತಳದಲ್ಲಿ. ಮೇಲಿನದು ಬರೀ ಬಾಳೆಹಣ್ಣಿನ ವಾಸನೆಯ ಅಮೈಲ್ ಅಸಿಟೇಟ್. ಚಮಚೆಯಲ್ಲಿ ನಾಲ್ಕು ಸುತ್ತು ತಿರುಗಿಸಿದರೆ ಸಾಲದು, ಬಳಿಯುವ ಮುನ್ನ ರೋಲರ್ ಮೇಲೆ ಕೆಲವು ತಾಸು ಉರುಳಬೇಕು. ಒಂದೇ ಬಾಟಲಿಯ ಮೊದಲ ಪೀಸುಗಳು ಕೆಟ್ಟು ಕೊನೆಯವು ಚೆನ್ನಾಗಿದ್ದರೆ, ಅಥವಾ ಅದರ ಉಲ್ಟಾ ಆಗಿದ್ದರೆ, ಬೇರೆಲ್ಲೂ ಹುಡುಕಬೇಡಿ.

ಮೂರನೆಯದು ನಮ್ಮನ್ನು ಒಂದು ಇಡೀ ಡಿಸೆಂಬರ್ ಕಾಡಿತು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಅಕ್ಟೋಬರಿನಲ್ಲಿ ಬಂಗಾರದಂಥ ಬ್ಯಾಚುಗಳು. ಡಿಸೆಂಬರಿನಲ್ಲಿ ಅದೇ ಬಣ್ಣ, ಅದೇ ಸೆರಾಮಿಕ್, ಅದೇ ಪ್ರೋಗ್ರಾಂ, ಒಂದರ ಹಿಂದೆ ಒಂದು ಬ್ಯಾಚು ಲೀಕ್. ಫಿಲ್ಲರ್ ಬದಲಿಸಿದೆವು. ಫಿಕ್ಸ್ಚರ್ ಬದಲಿಸಿದೆವು. ಥರ್ಮೋಕಪಲ್ ಹೊಸದು ಹಾಕಿದೆವು. ಕೊನೆಗೆ ಕಾಕಾ ಗದರಿದ ಮೇಲೆ ಒಡೆದೆವು. ಒಳಗೆ ಹಾಲಿನಂಥ ಬಿಳಿ ಮುಖ. ಅಂದರೆ ಆ ಮೂರೂ ರಿಪೇರಿ ದಂಡ.

ಬಿಳಿ ಮುಖ ಅಂದ ಮೇಲೆ ನೋಡಬೇಕಾದದ್ದು ಒದ್ದೆ ಹೈಡ್ರೋಜನ್. ಸಿಲಿಂಡರ್ ಪಂಜರ ಶೆಡ್ಡಿನ ಹೊರಗಿದೆ, ಇರಬೇಕಾದದ್ದೂ ಅಲ್ಲೇ. ಆದರೆ ಗ್ಯಾಸನ್ನು ಒದ್ದೆ ಮಾಡುವ ಬಬ್ಲರ್ ಕೂಡ ನಾವು ಅಲ್ಲೇ ಇಟ್ಟಿದ್ದೆವು. ಅದರ ನೀರು 30 ಡಿಗ್ರಿಯಲ್ಲಿ ಇರುವಂತೆ ಹೀಟರ್ ಇತ್ತು, ಮೀಟರೂ 30 ಅಂತಲೇ ತೋರಿಸುತ್ತಿತ್ತು. 30 ಡಿಗ್ರಿ ನೀರಿನೊಳಗೆ ಹಾದ ಗ್ಯಾಸಿನಲ್ಲಿ ನೂರಕ್ಕೆ 4ರ ಹತ್ತಿರ ನೀರಾವಿ ಇರುತ್ತದೆ. ಸರಿಯೇ ಇದೆಯಲ್ವಾ? ಬಬ್ಲರಿನಿಂದ ಭಟ್ಟಿಯವರೆಗೆ ಪೈಪು ಗೋಡೆಯ ಹೊರಬದಿಯಲ್ಲಿ ಹೋಗಿತ್ತು. ಕರೆಂಟ್ ಕೈ ಕೊಡುವುದಿಲ್ಲ ಅಂತ ನಾವು ಸುಡುತ್ತಿದ್ದದ್ದು ನಸುಕಿನಲ್ಲಿ. ಡಿಸೆಂಬರ್ ನಸುಕು ಹುಬ್ಬಳ್ಳಿಯಲ್ಲಿ ಸ್ವೆಟರ್ ಹಾಕಿಸುತ್ತದೆ. ಆ ಪೈಪು 16–17 ಡಿಗ್ರಿಗೆ ಇಳಿದಿತ್ತು. ಗ್ಯಾಸ್ ಅದರೊಳಗೆ ಹೋಗುವಾಗ ನೀರೆಲ್ಲ ಪೈಪಿಗೇ ಬೆವರಿ ಉಳಿಯುತ್ತಿತ್ತು. ಭಟ್ಟಿಗೆ ಮುಟ್ಟುತ್ತಿದ್ದದ್ದು ನೂರಕ್ಕೆ ಎರಡು, ಅಷ್ಟೇ. ಬಬ್ಲರ್ ಎಷ್ಟೇ ಬಿಸಿ ಇರಲಿ, ದಾರಿಯಲ್ಲಿ ಅತಿ ತಣ್ಣಗಿರುವ ಜಾಗವೇ ತೇವ ಎಷ್ಟು ಅಂತ ತೀರ್ಮಾನಿಸುತ್ತದೆ.

ಇದನ್ನು ಖಾತ್ರಿ ಮಾಡಿಕೊಂಡದ್ದು ಒಂದು ಸ್ಟೀಲ್ ಲೋಟದಿಂದ. ಹೈಡ್ರೋಜನ್ ಬಂದ್ ಮಾಡಿ, ಲೈನನ್ನು ನೈಟ್ರೋಜನ್‌ನಿಂದ ಚೆನ್ನಾಗಿ ತೊಳೆದು, ಅದೇ ಬಬ್ಲರಿನ ಮೂಲಕ ಅಷ್ಟೇ ವೇಗದಲ್ಲಿ ನೈಟ್ರೋಜನ್ ಬಿಟ್ಟೆವು. ತೇವ ಹಿಡಿಯುವ ವಿಷಯದಲ್ಲಿ ಎರಡೂ ಒಂದೇ, ಬೆಂಕಿಯ ಭಯವಿಲ್ಲ. ಭಟ್ಟಿಯ ಬಾಯಿಯ ಬಳಿ ಪೈಪು ಬಿಚ್ಚಿ, ಬರುವ ಗ್ಯಾಸ್ ಸೀದಾ ಲೋಟದ ಹೊರಮೈಗೆ ಬಡಿಯುವಂತೆ ಹಿಡಿದೆವು. ಲೋಟದಲ್ಲಿ 35 ಡಿಗ್ರಿಯ ಬಿಸಿನೀರು, ಒಂದು ಥರ್ಮಾಮೀಟರ್. ಚಮಚೆಯಲ್ಲಿ ತಿರುಗಿಸುತ್ತಾ ಐಸ್ ಚೂರು ಒಂದೊಂದಾಗಿ ಹಾಕಿದೆವು. ಎಲ್ಲ ಸರಿ ಇದ್ದಿದ್ದರೆ 30ರ ಹತ್ತಿರ ಲೋಟದ ಮೇಲೆ ರೂಪಾಯಿ ಅಗಲದ ಮಂಜು ಕೂರಬೇಕಿತ್ತು. 28 ಆಯಿತು, 25 ಆಯಿತು, ಲೋಟ ಫಳಫಳ. 20. ಇಲ್ಲ. 17ಕ್ಕೆ ಬಂದಾಗ ಸಣ್ಣ ಬಿಳಿ ಚುಕ್ಕೆ ಮೂಡಿತು. "ಸಿಕ್ತ್ ನೋಡ್ರಿ ಕಳ್ಳ" ಅಂದರು ಕಾಕಾ. ಆಮೇಲೆ ಪೈಪಿನ ಕೆಳಗಿನ ಬಾಗು ಬಿಚ್ಚಿದರೆ ಅರ್ಧ ಲೋಟ ನೀರು ಸುರಿಯಿತು. ಆ ನೀರು ಅಲ್ಲಿ ನಿಂತು ಗ್ಯಾಸನ್ನು ಗುಳುಗುಳು ತಡೆದು ತಡೆದು ಬಿಡುತ್ತಿತ್ತು. ಅದು ಎರಡನೆಯ ಪೆಟ್ಟು.

ಈ ಲೋಟದ ಪರೀಕ್ಷೆ ಚಳಿಗಾಲ, ಬೇಸಿಗೆಯಲ್ಲಿ ನಡೆಯುತ್ತದೆ. ಜುಲೈ ಮಳೆಯಲ್ಲಿ ಕೋಣೆಯ ಗಾಳಿಯೇ ಲೋಟವನ್ನು ಮಸುಕು ಮಾಡುವುದರಿಂದ 20ರ ಕೆಳಗಿನದು ನಂಬಬೇಡಿ.

ಪರಿಹಾರಕ್ಕೆ ಜಾಸ್ತಿ ಖರ್ಚಾಗಲಿಲ್ಲ. ಬಬ್ಲರನ್ನು ಭಟ್ಟಿಯ ಪಕ್ಕಕ್ಕೆ ತಂದೆವು. ಪೈಪಿಗೆ ಹೀಟಿಂಗ್ ಟೇಪ್ ಸುತ್ತಿದೆವು. ಬೆವರಿದರೂ ನೀರು ವಾಪಸ್ ಬಬ್ಲರಿಗೇ ಇಳಿಯುವಂತೆ ಇಳಿಜಾರು ಕೊಟ್ಟೆವು. ಜನವರಿಯ ಮೊದಲ ಬ್ಯಾಚಿನಲ್ಲಿ ಒಂದು ಪೀಸನ್ನು ಬೇಕೆಂದೇ ಒಡೆದೆವು, ಕೋವಾರ್ ಅಂಚಿನ ಸುತ್ತ ಬಿಳಿ ಚೂರುಗಳ ಸಾಲು. ತೇವ ಕಡಿಮೆಯಾದರೆ ಎರಡು ಕೇಡು. ಮ್ಯಾಂಗನೀಸ್‌ಗೆ ಸಾಕಷ್ಟು ಆಮ್ಲಜನಕ ಸಿಗುವುದಿಲ್ಲ, ಬಣ್ಣದ ಅಂಟಿನ ಇಂಗಾಲವೂ ಪೂರ್ತಿ ಸುಟ್ಟು ಹೋಗುವುದಿಲ್ಲ.

ಒಡೆಯುವ ಹಂತದವರೆಗೂ ಹೋಗದೆ ಮೊದಲೇ ಹಿಡಿಯಬೇಕಾ? ಸುಟ್ಟ ಪದರವನ್ನು, ನಿಕ್ಕಲ್‌ಗೆ ಕಳಿಸುವ ಮುನ್ನ, ಸ್ಟೀಲ್ ಸೂಜಿಯಲ್ಲಿ ಗೀರಿ. ಸೂಜಿ ಜಾರಿ ಹೊಳೆಯುವ ಗೆರೆ ಬಿದ್ದರೆ ಸರಿ. ಪುಡಿ ಎದ್ದರೆ ಕಚ್ಚಾ. ಇದಕ್ಕೆ ಉಲ್ಟಾ, ಹೊತ್ತು ಅಥವಾ ಶಾಖ ಅತಿಯಾದರೆ ಗಾಜು ಸ್ಪಂಜು ದಾಟಿ ಮೇಲಕ್ಕೇ ಉಕ್ಕುತ್ತದೆ. ಮಾಸಲು ಬೂದುಬಣ್ಣದ ನಡುವೆ ಅಲ್ಲಲ್ಲಿ ಎಣ್ಣೆ ಚುಕ್ಕೆಯಂಥ ಹೊಳಪು ಕಾಣುತ್ತದೆ. ಆ ಚುಕ್ಕೆಗಳ ಮೇಲೆ ನಿಕ್ಕಲ್ ಕೂರುವುದಿಲ್ಲ.

ಸೆರಾಮಿಕ್ ಬದಿ ಬೂದು, ಲೋಹದ ಬದಿ ಬೆಳ್ಳಿ

ಮಾಲಿಬ್ಡಿನಂ ಸೆರಾಮಿಕ್‌ಗೆ ಗಟ್ಟಿಯಾಗಿ ಕೂತಿದೆ, ಅದರ ಮೇಲಿನ ನಿಕ್ಕಲ್ ಬಿಟ್ಟಿದೆ. ದೋಷ ಪ್ಲೇಟಿಂಗಿನದು, ಅಥವಾ ಪ್ಲೇಟಿಂಗಿಗೆ ಹೋಗುವ ಮುನ್ನ ಮುಟ್ಟಿದ ಕೈಯದು. ಕೈಯ ಬಗ್ಗೆ ಹೆಚ್ಚು ಹೇಳುವುದು ಬೇಡ. ನಾಲ್ಕು ಗಂಟೆಗೆ ಗಿರಮಿಟ್ಟು, ಮಿರ್ಚಿ ಬರುತ್ತದೆ. ತಿಂದ ಕೈಯನ್ನು ಪ್ಯಾಂಟಿಗೆ ಒರೆಸಿ ಪೀಸು ಎತ್ತಿಟ್ಟವರು ಯಾರೆಂದು ಬೆರಳ ಗುರುತು ಸಮೇತ ನಿಕ್ಕಲ್ ಮೇಲೆ ಓದಿದ್ದೇವೆ. ಗ್ಲೌಸ್ ಪೆಟ್ಟಿಗೆ ಈಗ ಚಹಾ ಟೇಬಲ್ಲಿನ ಪಕ್ಕದಲ್ಲೇ ಇದೆ.

ಪ್ಲೇಟಿಂಗ್ ಹೊರಗೆ ಮಾಡಿಸುವವರು ಒಂದು ಪ್ರಶ್ನೆ ಕೇಳಲೇಬೇಕು: ಕರೆಂಟ್ ಹಾಯಿಸಿ ಮಾಡಿದ ನಿಕ್ಕಲ್ಲಾ, ಕೆಮಿಕಲ್ ನಿಕ್ಕಲ್ಲಾ? ನಮಗೆ ಮಾಡಿಕೊಡುತ್ತಿದ್ದವರು ಒಂದು ಸಲ ಹೇಳದೆ ಕೇಳದೆ ಕೆಮಿಕಲ್ ನಿಕ್ಕಲ್ ಹಾಕಿ ಕಳಿಸಿದರು. ನೋಡಲು ಇನ್ನೂ ಚಂದ, ಕನ್ನಡಿಯ ಹಾಗೆ. ಆದರೆ ಸಾಮಾನ್ಯ ಕೆಮಿಕಲ್ ನಿಕ್ಕಲ್ಲಿನಲ್ಲಿ ರಂಜಕ ಇರುತ್ತದೆ. ನಿಕ್ಕಲ್–ರಂಜಕದ ಮಿಶ್ರಣ 880 ಡಿಗ್ರಿಗೇ ಕರಗಲು ಶುರುವಾಗುತ್ತದೆ. ಪ್ಲೇಟಿಂಗ್ ಆದ ಮೇಲೆ ನಾವು ಒಣ ಹೈಡ್ರೋಜನ್‌ನಲ್ಲಿ 950ರವರೆಗೆ ಕಾಯಿಸುತ್ತೇವೆ, ನಿಕ್ಕಲ್ ಮಾಲಿಬ್ಡಿನಂಗೆ ಬೆಸೆಯಲಿ ಅಂತ. ಅಲ್ಲೇ ಅದು ಬೆವರಿ, ಮುದ್ದೆಯಾಗಿ, ತಣ್ಣಗಾದ ಮೇಲೆ ಬಿಸ್ಕತ್ತಿನ ಹಾಗೆ ಪುಡಿಪುಡಿ. ಬಿಲ್ಲಿನಲ್ಲಿ ಬರೀ "ನಿಕ್ಕಲ್ ಪ್ಲೇಟಿಂಗ್" ಅಂತ ಇರುತ್ತದೆ. ಈಗ ಆರ್ಡರಿನಲ್ಲೇ ಸ್ಪಷ್ಟವಾಗಿ ಬರೆಯುತ್ತೇವೆ.

ಆ 950ರ ಕಾಯಿಸುವಿಕೆಯನ್ನು ಸಮಯ ಉಳಿಸಲು ಬಿಡಬೇಡಿ. ಅದು ಬೆಸುಗೆಯೂ ಹೌದು, ಪರೀಕ್ಷೆಯೂ ಹೌದು. ಕೆಟ್ಟ ಪ್ಲೇಟಿಂಗ್ ಅಲ್ಲೇ ಹಪ್ಪಳದ ಹಾಗೆ ಗುಳ್ಳೆ ಏಳುತ್ತದೆ, ಕೋವಾರ್ ಬಟ್ಟಲೂ ಬೆಳ್ಳಿಯೂ ದಂಡವಾಗುವ ಮುನ್ನವೇ. ಗುಳ್ಳೆ ಎದ್ದರೆ ಸಾಮಾನ್ಯವಾಗಿ ಪ್ಲೇಟಿಂಗ್ ದ್ರಾವಣ ಸ್ಪಂಜಿನೊಳಗೆ ಉಳಿದುಹೋಗಿದೆ ಅಂತ ಅರ್ಥ. ಬಿಸಿನೀರಿನಲ್ಲಿ ಇನ್ನೂ ಚೆನ್ನಾಗಿ ಜಾಲಿಸಿ, ನಿಧಾನಕ್ಕೆ ಒಣಗಿಸಿ.

ಎರಡೂ ಬದಿ ನಿಕ್ಕಲ್ ಇದೆ, ನಡುವೆ ಖಾಲಿ

ಈಗ ಬ್ರೇಜಿಂಗ್ ಮಾಡಿದವನನ್ನು ಕರೆಯಬಹುದು.

ಫಿಲ್ಲರ್ ಹರಿಯುವುದು ಸಂದಿಯ ಎಳೆತದಿಂದ. ಸಂದಿ 0.03ರಿಂದ 0.08 ಮಿಲಿಮೀಟರ್ ಇದ್ದರೆ ತಾನಾಗಿ ಎಳೆದುಕೊಳ್ಳುತ್ತದೆ. ಬಟ್ಟಲಿನ ಅಂಚು ಸೊಟ್ಟಗಿದ್ದು ಒಂದು ಕಡೆ 0.2 ಆಗಿದ್ದರೆ ಅಲ್ಲಿ ನಿಲ್ಲುವುದಿಲ್ಲ, ಪಕ್ಕದ ಕಿರಿದಾದ ಜಾಗಕ್ಕೆ ಓಡಿಹೋಗುತ್ತದೆ. ಖಾಲಿ ಜಾಗ ಪ್ರತಿ ಪೀಸಿನಲ್ಲೂ ಒಂದೇ ದಿಕ್ಕಿಗಿದ್ದರೆ ಫಿಕ್ಸ್ಚರ್ ನೋಡಿ. ದಿಕ್ಕಿಲ್ಲದೆ ಅಲ್ಲಲ್ಲಿ ಇದ್ದರೆ ಕೊಳೆ ಅಥವಾ ಗ್ಯಾಸು.

ಫಿಲ್ಲರ್ ಮೊದಲು ಹರಡಿ ಆಮೇಲೆ ಹಿಂದೆ ಸರಿದ ಗುರುತಿದ್ದರೆ, ಕೆರೆ ಬತ್ತಿದಾಗ ದಂಡೆಯಲ್ಲಿ ಉಳಿಯುವ ಗೆರೆಯಂಥದು, ಅದು ನಿಕ್ಕಲ್ ತೆಳುವಾದ ಲಕ್ಷಣ. ಕರಗಿದ ಫಿಲ್ಲರ್ ನಿಕ್ಕಲ್ಲನ್ನು ಕರಗಿಸಿ ಕುಡಿದುಬಿಡುತ್ತದೆ. ಕೆಳಗಿನ ಮಾಲಿಬ್ಡಿನಂ ಬತ್ತಲಾದರೆ ಅದರ ಮೇಲೆ ನಿಲ್ಲಲು ಒಪ್ಪುವುದಿಲ್ಲ. 820ರಲ್ಲಿ ಮೂರು–ನಾಲ್ಕು ನಿಮಿಷ ಸಾಕು. ಹತ್ತು ನಿಮಿಷ ಇಟ್ಟರೆ ಗಟ್ಟಿಯಾಗುತ್ತದೆ ಅನ್ನುವುದು ಅಡುಗೆಮನೆಯ ಲೆಕ್ಕ.

ತಾಮ್ರದ ಭಾಗ ಇದ್ದರೆ ಆಮ್ಲಜನಕ ರಹಿತ ತಾಮ್ರವನ್ನೇ ಕೊಳ್ಳಿ. ಮಾಮೂಲಿ ಎಲೆಕ್ಟ್ರಿಕಲ್ ತಾಮ್ರದೊಳಗೆ ಆಕ್ಸೈಡ್ ಚೂರು ಇರುತ್ತದೆ. ಹೈಡ್ರೋಜನ್ ಒಳಗೆ ನುಗ್ಗಿ ಅದರೊಂದಿಗೆ ಸೇರಿ ಹಬೆಯಾಗುತ್ತದೆ, ಹಬೆಗೆ ಹೊರದಾರಿ ಇಲ್ಲ, ತಾಮ್ರ ಒಳಗಿಂದಲೇ ಬಿರುಕು ಬಿಡುತ್ತದೆ. ಜೋಡಣೆ ಸರಿಯಿದ್ದೂ ಲೀಕ್.

ಕೋವಾರ್ ಬಟ್ಟಲೇ ಸೀಳಿದ್ದರೆ ಅದರ ಕಥೆ ಬೇರೆ. ಒತ್ತಡದಲ್ಲಿರುವ ಕೋವಾರಿನ ಕಣಗಳ ನಡುವೆ ಕರಗಿದ ಬೆಳ್ಳಿ ಫಿಲ್ಲರ್ ಬೇರಿನ ಹಾಗೆ ಇಳಿಯುತ್ತದೆ. ಬಟ್ಟಲನ್ನು ಪ್ರೆಸ್ ಮಾಡಿದ ಮೇಲೆ ಅನೀಲ್ ಮಾಡಿ ಮೆತ್ತಗಾಗಿಸಿ, ನಿಕ್ಕಲ್ ಹಾಕಿ ಆಮೇಲೆ ಬ್ರೇಜ್ ಮಾಡಿದರೆ ಇದು ನಿಲ್ಲುತ್ತದೆ.

ಸೆರಾಮಿಕ್ ತಾನಾಗಿ ಬಿರುಕು ಬಿಟ್ಟಿದೆ

ನೀವು ಒಡೆಯದೆಯೇ ಸೆರಾಮಿಕ್ ಒಡೆದಿದ್ದರೆ ಜೋಡಣೆಗೆ ದೂರಬೇಡಿ, ಅದು ಅತಿ ಗಟ್ಟಿಯಾಗಿಯೇ ಹಿಡಿದಿದೆ. ಕೂದಲೆಳೆಯ ಬಿರುಕು ಕಾಣಲು ಪೆನ್ನಿನ ನೀಲಿ ಇಂಕು ಸಾಕು. ಒಂದು ಹನಿ ಹಾಕಿ, ಅರ್ಧ ನಿಮಿಷ ಬಿಟ್ಟು, ಒದ್ದೆ ಬಟ್ಟೆಯಲ್ಲಿ ಒರೆಸಿ. ಬಿರುಕಿನಲ್ಲಿ ನೀಲಿ ಗೆರೆ ಉಳಿಯುತ್ತದೆ. ರಿಜೆಕ್ಟ್ ಪೀಸಿಗೆ ಮಾತ್ರ ಇದು. ಒಳ್ಳೆಯ ಪೀಸಿಗೆ ಇಂಕು ಹಾಕಿದರೆ ಅದು ಸಣ್ಣ ಲೀಕನ್ನು ತುಂಬಿ ಮುಚ್ಚಿಬಿಡುತ್ತದೆ.

ಲೆಕ್ಕ ಸರಳ. 50 ಮಿಲಿಮೀಟರ್ ಬಳೆ ತೆಗೆದುಕೊಳ್ಳಿ. ಸ್ಟೇನ್‌ಲೆಸ್ ಸ್ಟೀಲು ಪ್ರತಿ ಡಿಗ್ರಿಗೆ ಹತ್ತು ಲಕ್ಷದಲ್ಲಿ 17 ಭಾಗ ಹಿಗ್ಗುತ್ತದೆ, ಅಲ್ಯೂಮಿನಾ ಸುಮಾರು 7. ಫಿಲ್ಲರ್ 780ಕ್ಕೆ ಗಟ್ಟಿಯಾಗಿ ಎರಡನ್ನೂ ಲಾಕ್ ಮಾಡಿತು. ಅಲ್ಲಿಂದ 20ಕ್ಕೆ ಇಳಿಯುವಾಗ ಸ್ಟೀಲು ಸೆರಾಮಿಕ್‌ಗಿಂತ 0.38 ಮಿಲಿಮೀಟರ್ ಜಾಸ್ತಿ ಕುಗ್ಗಲು ನೋಡುತ್ತದೆ. ದಪ್ಪ ಸ್ಟೀಲಾದರೆ ಸೆರಾಮಿಕ್ ಸೋಲುತ್ತದೆ. ಕೋವಾರ್ ಬಳಸುವುದು ಇದಕ್ಕೇ. 430ರ ಸುತ್ತಿನವರೆಗೆ ಅದು ಅಲ್ಯೂಮಿನಾಗಿಂತಲೂ ಕಡಿಮೆ ಹಿಗ್ಗುತ್ತದೆ. ಅದರ ಮೇಲೆ ಹೋದರೆ ಸ್ವಭಾವ ಬದಲಾಗಿ ಜೋರಾಗಿ ಹಿಗ್ಗುತ್ತದೆ, ಹಾಗಾಗಿ ಬಟ್ಟಲಿನ ಅಂಚು ತೆಳುವಾಗಿ, ಬಾಗುವಂತೆ ಇರಬೇಕು. ಒಬ್ಬರು ನಮಗೆ "ಗಟ್ಟಿ ಇರ್ಲಿ" ಅಂತ ಅಂಚು ದಪ್ಪ ಮಾಡಿಸಿಕೊಟ್ಟರು. ಮರುದಿನ ಬೆಳಿಗ್ಗೆ ಟ್ರೇಯಲ್ಲಿ ಬಳೆಗಳೆಲ್ಲ ಸುತ್ತಲೂ ಸೀಳಿದ್ದವು.

ಸೆರಾಮಿಕ್ ಒತ್ತಿದರೆ ತಡೆಯುತ್ತದೆ, ಎಳೆದರೆ ತಡೆಯುವುದಿಲ್ಲ. ಲೋಹ ಹೊರಗಿದ್ದು ಕುಗ್ಗುತ್ತಾ ಸೆರಾಮಿಕ್ ಅನ್ನು ಅಪ್ಪಿಕೊಳ್ಳುವಂತೆ ಡಿಸೈನ್ ಇದ್ದರೆ ಅದೇ ಅದಕ್ಕೆ ಬಲ. ಬಂಡಿಯ ಗಾಲಿಗೆ ಕಾದ ಕಬ್ಬಿಣದ ಪಟ್ಟಿ ಏರಿಸುವ ಕಮ್ಮಾರರಿಗೆ ಈ ಪಾಠ ಹೇಳಬೇಕಾಗಿಲ್ಲ.

ಬಲದ ಮಾತು ಬಂತು, ಇನ್ನೊಂದು. ಡೈಮಂಡ್ ಚಕ್ರದಲ್ಲಿ ಉಜ್ಜಿದ ಸೆರಾಮಿಕ್‌ನ ಮೈಮೇಲೆ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ. ಜೋಡಣೆಯ ಎಳೆತ ಅಲ್ಲಿಂದಲೇ ಸೀಳು ಶುರು ಮಾಡುತ್ತದೆ. ಉಜ್ಜಿದ ಮೇಲೆ ಒಮ್ಮೆ ಮತ್ತೆ 1400 ದಾಟಿಸಿ ಸುಟ್ಟರೆ ಗಾಜು ಮೆತ್ತಗಾಗಿ ಗೀರುಗಳ ಚೂಪು ತುದಿ ಮೊಂಡಾಗುತ್ತದೆ. ಬಣ್ಣ ಸುಟ್ಟ ಮೇಲೆ ಉಜ್ಜುವವರಿಗೆ ಈ ಲಾಭ ಇಲ್ಲ. ಉಜ್ಜುವುದಿದ್ದರೆ ಮೊದಲೇ ಉಜ್ಜಿ. ಬ್ರೇಜ್ ಆದ ಮೇಲೆ ತಣಿಸುವುದು ನಿಮಿಷಕ್ಕೆ 5 ಡಿಗ್ರಿ ಮೀರದಿರಲಿ. ನಡುವೆ ಕರೆಂಟ್ ಹೋದರೆ ಮುಚ್ಚಳ ತೆಗೆದು ಇಣುಕಬೇಡಿ. ಹೈಡ್ರೋಜನ್ ಭಟ್ಟಿಯಾದರೆ ಬೇರೆ ಯೋಚನೆಗೂ ಮುನ್ನ ನೈಟ್ರೋಜನ್ ಬಿಡಿ.

ಟೈಟಾನಿಯಂ ಫಿಲ್ಲರಿನ ತೊಂದರೆಗಳು

ಬಣ್ಣ, ನಿಕ್ಕಲ್ ಎರಡೂ ಬೇಡದ ದಾರಿಯೂ ಇದೆ. ಬೆಳ್ಳಿ–ತಾಮ್ರಕ್ಕೆ ನೂರಕ್ಕೆ ಎರಡರಷ್ಟು ಟೈಟಾನಿಯಂ ಸೇರಿಸಿದ 50 ಮೈಕ್ರಾನ್ ಹಾಳೆ. ಟೈಟಾನಿಯಂ ಸೆರಾಮಿಕ್‌ನ ಆಮ್ಲಜನಕವನ್ನೇ ಕಚ್ಚಿ ಹಿಡಿಯುತ್ತದೆ. ಕೇಳಲು ಸುಲಭ. ಆದರೆ ಸೆರಾಮಿಕ್‌ನ ಆಮ್ಲಜನಕ ಕಚ್ಚುವುದು ಭಟ್ಟಿಯ ಆಮ್ಲಜನಕವನ್ನು ಬಿಡುತ್ತದಾ? ವ್ಯಾಕ್ಯೂಮ್ 10ರ ಮೈನಸ್ 5ನೇ ಘಾತ ಮಿಲಿಬಾರ್‌ಗಿಂತ ಚೆನ್ನಾಗಿರಬೇಕು, ಅದೂ 800 ಡಿಗ್ರಿಯಲ್ಲಿ ಓದಿದ್ದು, ತಣ್ಣಗಿರುವಾಗ ಓದಿದ್ದಲ್ಲ. ಫಿಲ್ಲರ್ ಹರಡದೆ ರಾಗಿ ಕಾಳಿನ ಹಾಗೆ ಗುಂಡಾಗಿ ಕೂತಿದ್ದರೆ ಟೈಟಾನಿಯಂ ದಾರಿಯಲ್ಲೇ ಸುಟ್ಟುಹೋಗಿದೆ. ನೈಟ್ರೋಜನ್ ಕೂಡ ಅದಕ್ಕೆ ಆಗದು.

ಇನ್ನೊಂದು ತಪ್ಪು ಹಳೆಯ ಅಭ್ಯಾಸದ್ದು. ಮಾಮೂಲಿ ಫಿಲ್ಲರಿನ ತಂತಿಯನ್ನು ಸಂದಿಯ ಬಾಯಲ್ಲಿಟ್ಟರೆ ಒಳಗೆ ಹರಿಯುತ್ತದೆ. ಟೈಟಾನಿಯಂ ಫಿಲ್ಲರ್ ಹಾಗೆ ಓಡುವುದಿಲ್ಲ, ಇಟ್ಟಲ್ಲೇ ಹಿಡಿಯುತ್ತದೆ. ಹಾಳೆಯನ್ನು ಜೋಡಣೆಯ ಅಳತೆಗೆ ಕತ್ತರಿಸಿ ನಡುವೆಯೇ ಇಡಬೇಕು, ಮೇಲೆ ಸಣ್ಣ ಭಾರ ಇಡಬೇಕು. 830–850 ಡಿಗ್ರಿ, ಐದರಿಂದ ಹತ್ತು ನಿಮಿಷ. ಅತಿಯಾದರೆ ಸೆರಾಮಿಕ್ ಬದಿಯ ಪದರ ದಪ್ಪವಾಗಿ ಪೆಡಸಾಗುತ್ತದೆ.

ಬೇರೆ ಸೆರಾಮಿಕ್‌ಗಳ ಬಗ್ಗೆ ಎರಡು ಮಾತು. ಅಲ್ಯೂಮಿನಿಯಂ ನೈಟ್ರೈಡ್, ಸಿಲಿಕಾನ್ ನೈಟ್ರೈಡ್‌ಗೆ ನಮ್ಮ ಮಾಲಿಬ್ಡಿನಂ ಬಣ್ಣ ಬಳಿದು ಹಣ ಕಳೆಯಬೇಡಿ, ಟೈಟಾನಿಯಂ ಫಿಲ್ಲರೇ ಅವಕ್ಕೆ ದಾರಿ. ಸಿಲಿಕಾನ್ ನೈಟ್ರೈಡ್ ಪ್ರತಿ ಡಿಗ್ರಿಗೆ ಹಿಗ್ಗುವುದು ಹತ್ತು ಲಕ್ಷದಲ್ಲಿ ಬರೀ 3 ಭಾಗ, ಅದನ್ನು ನೇರವಾಗಿ ಸ್ಟೀಲಿಗೆ ಜೋಡಿಸಿದರೆ ತಣಿಯುವಾಗಲೇ ಸೀಳುತ್ತದೆ. ನಡುವೆ ಮೆತ್ತನೆಯ ತಾಮ್ರದ ಹಾಳೆ, ಅದರ ಪಕ್ಕ ಮಾಲಿಬ್ಡಿನಂ ಹಾಳೆ ಇಟ್ಟು ಎಳೆತವನ್ನು ಹಂಚಬೇಕು. ಜಿರ್ಕೋನಿಯಾ ವ್ಯಾಕ್ಯೂಮ್ ಭಟ್ಟಿಯಿಂದ ಬೂದುಬಣ್ಣವಾಗಿಯೋ ಕಪ್ಪಾಗಿಯೋ ಹೊರಬಂದರೆ ಗಾಬರಿಯಾಗಬೇಡಿ, ಒಂದಿಷ್ಟು ಆಮ್ಲಜನಕ ಬಿಟ್ಟುಕೊಟ್ಟಿದೆ. ಗಾಳಿಯಲ್ಲಿ ಕಾಯಿಸಿದರೆ ಬಿಳಿ ಬಣ್ಣ ವಾಪಸ್ ಬರುತ್ತದೆ, ಆದರೆ ಅಷ್ಟರಲ್ಲಿ ಅದಕ್ಕೆ ಲೋಹ ಅಂಟಿರುವುದರಿಂದ ನೀವು ಕಾಯಿಸುವ ಹಾಗಿಲ್ಲ. ಬಣ್ಣದ ವಿಷಯ ಗಿರಾಕಿಗೆ ಮೊದಲೇ ಹೇಳಿಬಿಡಿ.